ಒಬ್ಬರೇ ಹಿಡಿಯುವ ಕ್ಯಾಮೆರಾ: ಧಾರವಾಡ ಸೀಮೆಯಲ್ಲಿ ವೀಕ್ಷಣಾ ಸಾಕ್ಷ್ಯಚಿತ್ರದ ಕಲಿಕೆ

ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ನೆಲಹಾಸು ಕಾರ್ಖಾನೆಯಲ್ಲಿ ತಯಾರಾಗುವ ಸರಕಲ್ಲ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಮುಸ್ಲಿಂ ಮಹಿಳೆಯರು ಕೈಯಿಂದಲೇ ನೇಯುವಂಥದು. ಈ ನೇಕಾರರ ಪೂರ್ವಿಕರು ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದ ವಲಸೆ ಬಂದವರೆಂಬ ಪ್ರತೀತಿ ಇದೆ. ಮಗಳಿಗೆ ಕಲಿಸಿದರೆ ಮದುವೆಯ ನಂತರ ವಿದ್ಯೆಯೂ ಪರ ಊರಿಗೆ ಹೋಗುತ್ತದೆಂದು ಸೊಸೆಗೆ ಕಲಿಸುವ ರೂಢಿ ಇತ್ತೆಂದೂ ಹೇಳುತ್ತಾರೆ.

ನೇಯುವ ಕೈಗಳು ಈಗ ಕೆಲವೇ. ಆ ಕೈಗಳು ನೂಲನ್ನು ಎಣಿಸುವ ರೀತಿ, ಬಣ್ಣ ಬದಲಿಸುವ ಕ್ಷಣ, ಇಬ್ಬರು ಒಂದೇ ಮಗ್ಗದಲ್ಲಿ ಮಾತಿಲ್ಲದೆ ಹೊಂದಿಕೊಂಡು ಸಾಗುವ ಬಗೆ, ಇವನ್ನು ಬರಹದಲ್ಲಿ ಪೂರ್ತಿಯಾಗಿ ಹಿಡಿಯಲಾಗದು. ಚಲಿಸುವ ಚಿತ್ರ ಮಾತ್ರ ಹಿಡಿಯಬಲ್ಲದು. ಆದರೆ ಐದಾರು ಮಂದಿಯ ಚಿತ್ರತಂಡ, ದೀಪಗಳು, ತಂತಿಗಳು ಅಂಥ ಮನೆಯ ಹೊಸ್ತಿಲು ದಾಟುವುದು ಕಷ್ಟ. ದಾಟಿದರೂ ಒಳಗೆ ನಡೆಯುವುದು ಪ್ರದರ್ಶನವಾಗುತ್ತದೆ, ನಿತ್ಯದ ಕೆಲಸವಾಗಿ ಉಳಿಯುವುದಿಲ್ಲ. ಸಣ್ಣ ಕ್ಯಾಮೆರಾ ಹಿಡಿದು ಮೂಲೆಯಲ್ಲಿ ಸದ್ದಿಲ್ಲದೆ ಕೂರಬಲ್ಲ ಒಬ್ಬ ವ್ಯಕ್ತಿಗೆ, ಬಹುಮಟ್ಟಿಗೆ ಒಬ್ಬ ಮಹಿಳೆಗೆ, ಆ ಬಾಗಿಲು ತೆರೆದೀತು.

ಸಾಕ್ಷ್ಯಚಿತ್ರವನ್ನು ತಾವೇ ಚಿತ್ರೀಕರಿಸುವ ವಿದ್ಯೆ ಈ ಕಾರಣಕ್ಕಾಗಿ ನಮ್ಮ ಸೀಮೆಗೆ ಮುಖ್ಯವಾಗುತ್ತದೆ. ಅದನ್ನು ಅಂಜಿಕೆಯಿಲ್ಲದೆ ಕಲಿಯುವುದು ಹೇಗೆ ಎಂಬುದರ ವಿವರ ಇಲ್ಲಿದೆ.

ವೀಕ್ಷಣಾ ಸಾಕ್ಷ್ಯಚಿತ್ರ ಎಂದರೇನು?

ನಡೆಯುತ್ತಿರುವುದನ್ನು ನಡೆಯುವಂತೆಯೇ ಬಿಟ್ಟು ದಾಖಲಿಸುವ ಪದ್ಧತಿಗೆ ವೀಕ್ಷಣಾ ಸಾಕ್ಷ್ಯಚಿತ್ರ ಎನ್ನುತ್ತಾರೆ. ಇಲ್ಲಿ ನಿರೂಪಕರ ಧ್ವನಿ ಇರುವುದಿಲ್ಲ ಅಥವಾ ತೀರಾ ಕಡಿಮೆ. 'ಇನ್ನೊಮ್ಮೆ ಮಾಡಿ ತೋರಿಸಿ' ಎಂದು ಕೇಳುವುದಿಲ್ಲ. ಕ್ಯಾಮೆರಾಕ್ಕೆ ಮುಖ ಮಾಡಿಸಿ ಸಂದರ್ಶನ ಮಾಡುವುದು ಸಹ ಅಪರೂಪ. ಜನರ ಕೆಲಸ, ಮಾತು, ಮೌನಗಳಿಂದಲೇ ಕಥೆ ಹೊರಡಬೇಕು.

ಭಾರತದಲ್ಲಿ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ಟಾಕೀಸಿನಲ್ಲಿ ನೋಡಿ ಬೆಳೆದ ತಲೆಮಾರಿಗೆ ಸಾಕ್ಷ್ಯಚಿತ್ರವೆಂದರೆ ಗಂಭೀರ ಧ್ವನಿಯ ವ್ಯಾಖ್ಯಾನ ಎಂಬ ಭಾವನೆ ಇದೆ. ವೀಕ್ಷಣಾ ಪದ್ಧತಿ ಬೇರೆ ದಾರಿ ಹಿಡಿಯಿತು. ಹೆಗಲ ಮೇಲೆ ಹೊರಬಹುದಾದ 16 ಮಿ.ಮೀ. ಕ್ಯಾಮೆರಾ ಮತ್ತು ಒಯ್ಯಬಹುದಾದ ಧ್ವನಿಮುದ್ರಣ ಯಂತ್ರಗಳು ಬಂದ ಮೇಲೆ ಅಮೆರಿಕದ ರಾಬರ್ಟ್ ಡ್ರೂ ಮತ್ತು ಸಂಗಡಿಗರು 1960ರಲ್ಲಿ 'ಪ್ರೈಮರಿ' ಚಿತ್ರ ಮಾಡಿದರು. ವಿಸ್ಕಾನ್ಸಿನ್ ರಾಜ್ಯದ ಪ್ರಾಥಮಿಕ ಚುನಾವಣೆಯಲ್ಲಿ ಕೆನಡಿ ಮತ್ತು ಹಂಫ್ರಿ ಅವರ ಹಿಂದೆಯೇ ಕ್ಯಾಮೆರಾ ಸಾಗಿತು. ಜನಜಂಗುಳಿಯ ನಡುವೆ ನುಗ್ಗಿ ನಡೆಯುವ ದೃಶ್ಯಗಳು ಅಂದಿಗೆ ಹೊಸತು.

1995ರಲ್ಲಿ ಸೋನಿ ಕಂಪನಿಯ ವಿಎಕ್ಸ್ 1000 ಎಂಬ ಮಿನಿ ಡಿವಿ ಕ್ಯಾಮೆರಾ ಬಂದ ನಂತರ ಒಬ್ಬರೇ ಚಿತ್ರವನ್ನೂ ಧ್ವನಿಯನ್ನೂ ದಾಖಲಿಸುವುದು ಸುಲಭವಾಯಿತು. ಜನಾಂಗೀಯ ಚಿತ್ರಗಳ ನಿರ್ದೇಶಕ ಡೇವಿಡ್ ಮ್ಯಾಕ್‌ಡೂಗಲ್ ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ತಾವೇ ಕ್ಯಾಮೆರಾ ಹಿಡಿದು ಮಾಡಿದ 'ಡೂನ್ ಸ್ಕೂಲ್ ಕ್ರಾನಿಕಲ್ಸ್' (2000) ಇಂಥ ಕೆಲಸಕ್ಕೆ ಒಂದು ಮಾದರಿ. ನಮ್ಮ ಗಡಿಗೆ ಸಮೀಪವಿರುವ ಮದನಪಲ್ಲಿಯ ರಿಷಿ ವ್ಯಾಲಿ ಶಾಲೆಯಲ್ಲಿ ಅವರು ಮಾಡಿದ 'ಸ್ಕೂಲ್‌ಸ್ಕೇಪ್ಸ್' (2007) ಚಿತ್ರದಲ್ಲಿ ಒಂದೊಂದು ದೃಶ್ಯವೂ ಕತ್ತರಿ ಕಾಣದ ಒಂದೇ ಶಾಟ್. ಹೊಸಬರು ಅವಶ್ಯ ನೋಡಬೇಕಾದ ಚಿತ್ರವಿದು. ಭಾರತೀಯರಲ್ಲಿ ಆನಂದ ಪಟವರ್ಧನ್ ದಶಕಗಳಿಂದ ತಮ್ಮ ಚಿತ್ರಗಳಿಗೆ ತಾವೇ ಕ್ಯಾಮೆರಾ ಹಿಡಿಯುತ್ತ ಬಂದಿದ್ದಾರೆ.

ಹಳ್ಳಿಯ ಕೈಗೆ ಬಂದ ಕ್ಯಾಮೆರಾ

ಕ್ಯಾಮೆರಾ ನಗರದವರ ಸೊತ್ತು ಎಂಬ ಭಾವನೆಯನ್ನು ಮುರಿದ ಒಂದು ಮಹತ್ವದ ಪ್ರಯೋಗ ಕರ್ನಾಟಕದಲ್ಲೇ ನಡೆಯಿತು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ 2006ರಲ್ಲಿ ಗ್ರೀನ್ ಫೌಂಡೇಶನ್ ಜೊತೆಗೂಡಿ 'ಡಿಜಿಟಲ್ ಗ್ರೀನ್' ಯೋಜನೆ ಆರಂಭಿಸಿತು. ರೈತರೇ ಪಾತ್ರಧಾರಿಗಳಾದ ಕೃಷಿ ವಿಡಿಯೊಗಳನ್ನು ಅದೇ ಪರಿಸರದಲ್ಲಿ ತಯಾರಿಸಿ ಊರಿನಲ್ಲೇ ತೋರಿಸಲಾಯಿತು. 16 ಹಳ್ಳಿಗಳ 1,470 ಕುಟುಂಬಗಳನ್ನು ಒಳಗೊಂಡು 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಸಾಂಪ್ರದಾಯಿಕ ವಿಸ್ತರಣಾ ಪದ್ಧತಿಗಿಂತ ಏಳು ಪಟ್ಟು ಹೆಚ್ಚಿತೆಂದು ವರದಿಯಾಯಿತು. ಅವು ಪಾಠ ಹೇಳುವ ವಿಡಿಯೊಗಳು, ವೀಕ್ಷಣಾ ಚಿತ್ರಗಳಲ್ಲ. ಆದರೂ ತಮ್ಮಂಥವರ ಮುಖ, ತಮ್ಮ ಮಾತು ಪರದೆಯ ಮೇಲೆ ಕಂಡಾಗ ಹಳ್ಳಿಗರು ನಂಬುತ್ತಾರೆ ಎಂಬುದನ್ನು ಅವು ತೋರಿಸಿಕೊಟ್ಟವು.

ಬುಂದೇಲಖಂಡದ 'ಖಬರ್ ಲಹರಿಯಾ' ಪತ್ರಿಕೆಯ ಗ್ರಾಮೀಣ ವರದಿಗಾರ್ತಿಯರು ಮೊಬೈಲ್ ಹಿಡಿದು ಸುದ್ದಿ ಮಾಡುವುದನ್ನು ಕುರಿತ 'ರೈಟಿಂಗ್ ವಿತ್ ಫೈರ್' ಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ಸಲಕರಣೆ ಇಂದು ದೊಡ್ಡ ಅಡ್ಡಿಯಲ್ಲ. ಅಡ್ಡಿ ಇರುವುದು ಅಂಜಿಕೆಯಲ್ಲಿ.

ಅಂಜಿಕೆಯ ಮೂರು ಬೇರುಗಳು

ಹೊಸದಾಗಿ ಕ್ಯಾಮೆರಾ ಹಿಡಿಯುವವರ ಅಂಜಿಕೆ ಸಾಮಾನ್ಯವಾಗಿ ಮೂರು ಬಗೆಯದು. ಯಂತ್ರದ ಅಂಜಿಕೆ ಮೊದಲನೆಯದು: ಬೆಳಕು ಸರಿ ಇದೆಯೇ, ಧ್ವನಿ ಬರುತ್ತಿದೆಯೇ, ಗುಂಡಿ ಒತ್ತಿದ್ದೇನೆಯೇ? ಜನರ ಅಂಜಿಕೆ ಎರಡನೆಯದು: ಯಾರಾದರೂ ಗದರಿಸಿದರೆ, ನಕ್ಕರೆ, ಎದ್ದುಹೋದರೆ? ಮೂರನೆಯದು ಕ್ಷಣ ತಪ್ಪಿಹೋಗುವ ಅಂಜಿಕೆ: ಈ ಕಡೆ ತಿರುಗಿದಾಗ ಆ ಕಡೆ ಮುಖ್ಯವಾದುದು ನಡೆದುಬಿಟ್ಟರೆ?

ಯಂತ್ರದ ಅಂಜಿಕೆ ಮೂರು ನಾಲ್ಕು ವಾರಗಳ ಅಭ್ಯಾಸದಿಂದ ಹೋಗುತ್ತದೆ. ಜನರ ಅಂಜಿಕೆ ಪರಿಚಯದಿಂದ ಹೋಗುತ್ತದೆ. ಕ್ಷಣ ತಪ್ಪುವ ಅಂಜಿಕೆ ಹೋಗಲು ಇರುವ ದಾರಿ ಒಂದೇ: ಚಿತ್ರೀಕರಿಸುವ ಕೆಲಸವನ್ನು ಮೊದಲು ತಿಳಿದುಕೊಳ್ಳುವುದು. ಯಾವ ಹೆಜ್ಜೆಯ ನಂತರ ಯಾವುದು ಬರುತ್ತದೆಂದು ಗೊತ್ತಿರುವವರು ಮುಂದಿನ ಕ್ಷಣಕ್ಕಾಗಿ ಮೊದಲೇ ಹೋಗಿ ನಿಂತಿರುತ್ತಾರೆ. ಗೊತ್ತಿಲ್ಲದವರು ಯಾವಾಗಲೂ ಹಿಂದೆ ಓಡುತ್ತಿರುತ್ತಾರೆ. ವೀಕ್ಷಣಾ ಚಿತ್ರದಲ್ಲಿ ಆತ್ಮವಿಶ್ವಾಸ ಎಂದು ಕಾಣುವುದು ಬಹುಪಾಲು ಈ ತಿಳಿವಳಿಕೆಯೇ.

ಸಲಕರಣೆ: ಕಡಿಮೆ ಇದ್ದಷ್ಟೂ ಲೇಸು

ಕಲಿಯುವ ಹಂತದಲ್ಲಿ ಒಂದು ಒಳ್ಳೆಯ ಮೊಬೈಲ್ ಫೋನ್ ಅಥವಾ ಸಣ್ಣ ಕ್ಯಾಮೆರಾ, ಒಂದು ಹೊರ ಮೈಕ್, ಕಿವಿಗೆ ಹೆಡ್‌ಫೋನ್, ಎರಡು ಹೆಚ್ಚುವರಿ ಬ್ಯಾಟರಿ ಅಥವಾ ಪವರ್ ಬ್ಯಾಂಕ್, ಎರಡು ಮೆಮೊರಿ ಕಾರ್ಡ್ ಇದ್ದರೆ ಸಾಕು. ಎಲ್ಲವೂ ಒಂದು ಹೆಗಲ ಚೀಲದಲ್ಲಿ ಹಿಡಿಯಬೇಕು. ಬಸ್ಸಿನಲ್ಲಿ ಕುಳಿತಾಗ ತೊಡೆಯ ಮೇಲೆ ಇಟ್ಟುಕೊಳ್ಳಲು ಬರಬೇಕು.

ಲೆನ್ಸ್ ವಿಷಯದಲ್ಲಿ ಒಂದೇ ಸಲಹೆ: ಅಗಲವಾಗಿ ಕಾಣುವ ಲೆನ್ಸ್ ಬಳಸಿ, ಹತ್ತಿರ ಹೋಗಿ. ಪೂರ್ಣ ಗಾತ್ರದ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 24ರಿಂದ 35 ಮಿ.ಮೀ. ಲೆನ್ಸ್ ಮನೆಯೊಳಗಿನ ಕೆಲಸಕ್ಕೆ ಒಪ್ಪುತ್ತದೆ. ದೂರ ನಿಂತು ಜೂಮ್ ಮಾಡಿದರೆ ಕೈ ನಡುಕ ಹಿಗ್ಗಿ ಕಾಣುತ್ತದೆ, ಧ್ವನಿ ದೂರವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನೋಡುವ ದೃಷ್ಟಿ ಕದ್ದು ನೋಡುವಂತಾಗುತ್ತದೆ. ಹತ್ತಿರ ಕುಳಿತವರನ್ನು ಮನೆಯವರು ಕಾಣುತ್ತಾರೆ, ಬೇಡವೆನಿಸಿದರೆ ಹೇಳುತ್ತಾರೆ. ಅದು ಇಬ್ಬರಿಗೂ ಒಳ್ಳೆಯದು.

ನೆನಪಿಡಬೇಕಾದ ಅಂಕಿಗಳು

ಪ್ರತಿ ಸೆಕೆಂಡಿಗೆ 25 ಚೌಕಟ್ಟು, ಶಟರ್ ವೇಗ 1/50 ಸೆಕೆಂಡ್. ಭಾರತದ ವಿದ್ಯುತ್ 50 ಹರ್ಟ್ಜ್ ಆವರ್ತನದ್ದು. ಅನೇಕ ಫೋನುಗಳು ತಾವಾಗಿಯೇ 30 ಚೌಕಟ್ಟು ಆಯ್ದುಕೊಳ್ಳುತ್ತವೆ. ಅದಕ್ಕೆ ಹೊಂದಿದ 1/60 ಶಟರಿನಲ್ಲಿ ಟ್ಯೂಬ್‌ಲೈಟ್ ಮತ್ತು ಕೆಲವು ಎಲ್‌ಇಡಿ ದೀಪಗಳು ಮಿಣುಕುವಂತೆ ದಾಖಲಾಗುತ್ತವೆ. ಮನೆಯೊಳಗೆ ತೆಗೆದ ಎಷ್ಟೋ ದೃಶ್ಯಗಳು ಹಾಳಾಗುವುದು ಹೀಗೆ.

ಬೆಳಕಿನ ಪ್ರಮಾಣವನ್ನು ಸ್ಥಿರವಾಗಿಡಬೇಕು. ಸ್ವಯಂಚಾಲಿತವಾಗಿ ಬಿಟ್ಟರೆ ಬಾಗಿಲ ಕಡೆ ತಿರುಗಿದ ಕೂಡಲೇ ಮುಖ ಕಪ್ಪಾಗುತ್ತದೆ, ಗೋಡೆಯ ಕಡೆ ತಿರುಗಿದರೆ ಬೆಳ್ಳಗಾಗುತ್ತದೆ. ಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ನಿಲ್ಲುತ್ತವೆ. ಬಣ್ಣದ ಸಮತೋಲವನ್ನೂ ಹೀಗೆಯೇ ಒಂದು ಕಡೆ ನಿಲ್ಲಿಸಿಕೊಳ್ಳಬೇಕು.

ಧ್ವನಿಯ ಮಟ್ಟದ ಗರಿಷ್ಠ ಏರಿಕೆ ಸುಮಾರು ಮೈನಸ್ 12 ಡೆಸಿಬೆಲ್ ಬಳಿ ಇರಲಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ಬೇಕು. ಕಾರ್ಡ್ ಎಷ್ಟು ಹೊತ್ತು ಬರುತ್ತದೆಂದು ಮನೆಯಿಂದ ಹೊರಡುವ ಮುನ್ನವೇ ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಮೊದಲ ಪಾಠ ಅಡುಗೆಮನೆಯಲ್ಲಿ

ಕಲಿಕೆಯನ್ನು ಜಾತ್ರೆಯಿಂದ ಆರಂಭಿಸಬಾರದು, ಜೋಳದ ರೊಟ್ಟಿಯಿಂದ ಆರಂಭಿಸಬೇಕು. ಧಾರವಾಡ ಸೀಮೆಯ ಬಹುತೇಕ ಮನೆಗಳಲ್ಲಿ ಪ್ರತಿದಿನ ನಡೆಯುವ ಈ ಕೆಲಸಕ್ಕೆ ಸ್ಪಷ್ಟವಾದ ಆದಿ, ಮಧ್ಯ, ಅಂತ್ಯಗಳಿವೆ. ಬಿಸಿನೀರು ಹಾಕಿ ಹಿಟ್ಟು ನಾದುವುದು, ಉಂಡೆ ಮಾಡುವುದು, ಬಡಿದು ತೆಳ್ಳಗೆ ಮಾಡುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ತಿರುವಿ ಹಾಕುವುದು, ಉಬ್ಬಿದಾಗ ತೆಗೆಯುವುದು. ಒಂದು ರೊಟ್ಟಿ ತಪ್ಪಿದರೆ ಇನ್ನೊಂದು ಬರುತ್ತದೆ. ಮತ್ತೊಮ್ಮೆ ಮಾಡಿ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ದಿನ ಕ್ಯಾಮೆರಾ ತೆಗೆಯದೆ ಸುಮ್ಮನೆ ಕುಳಿತು ನೋಡಿ, ಹೆಜ್ಜೆಗಳನ್ನು ಕಾಗದದ ಮೇಲೆ ಬರೆಯಿರಿ. ಎರಡನೆಯ ದಿನ ಒಂದೇ ಜಾಗದಲ್ಲಿ ಕುಳಿತು ಒಂದು ರೊಟ್ಟಿಯ ಪೂರ್ಣ ಕೆಲಸವನ್ನು ಒಂದೇ ಶಾಟ್‌ನಲ್ಲಿ ಹಿಡಿಯಿರಿ. ಮೂರನೆಯ ದಿನ ಕೈ ಮಾತ್ರ. ನಾಲ್ಕನೆಯ ದಿನ ಮುಖ ಮಾತ್ರ. ಐದನೆಯ ದಿನ ಅವರ ಹೆಗಲ ಹಿಂದಿನಿಂದ, ಅವರು ಕಾಣುವಂತೆಯೇ ಹಂಚನ್ನು ನೋಡಿ. ಆರನೆಯ ದಿನ ಬಾಗಿಲಲ್ಲಿ ನಿಂತು ಇಡೀ ಅಡುಗೆಮನೆ. ಏಳನೆಯ ದಿನ ಎಲ್ಲವನ್ನೂ ಕೂಡಿಸಿ ಎರಡು ನಿಮಿಷದ ಚಿತ್ರ ಮಾಡಿ.

ಒಲೆಯ ಬೆಂಕಿ ಮತ್ತು ಕಿಟಕಿಯ ಬೆಳಕು ಬೇರೆ ಬೇರೆ ಬಣ್ಣದವು ಎಂಬುದು ಈ ವಾರದಲ್ಲೇ ಗೊತ್ತಾಗುತ್ತದೆ. ಹೊಗೆಯಲ್ಲಿ ಫೋಕಸ್ ತಪ್ಪುವುದೂ, ರೊಟ್ಟಿ ಬಡಿಯುವ ಸದ್ದಿಗೆ ಧ್ವನಿಯ ಮುಳ್ಳು ಕೆಂಪಿಗೆ ಹಾರುವುದೂ ತಿಳಿಯುತ್ತದೆ. ಮನೆಯ ತಾಯಿಯೋ ಅತ್ತಿಗೆಯೋ ಮೂರನೆಯ ದಿನಕ್ಕೆ ಕ್ಯಾಮೆರಾ ಮರೆತು ಪಕ್ಕದ ಮನೆಯವರೊಡನೆ ಮಾತಿಗಿಳಿಯುತ್ತಾರೆ. ವೀಕ್ಷಣಾ ಚಿತ್ರ ಆರಂಭವಾಗುವುದು ಅಲ್ಲಿಂದ.

ಶಾಟ್ ಹಿಡಿದು ನಿಲ್ಲುವುದು

ಹೊಸಬರ ದೃಶ್ಯಗಳಲ್ಲಿ ಕಾಣುವ ದೊಡ್ಡ ಕೊರತೆ ಅವಸರ. ನಾಲ್ಕು ಸೆಕೆಂಡಿಗೊಮ್ಮೆ ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ. ಸಂಕಲನಕ್ಕೆ ಕುಳಿತಾಗ ಬಳಸಲು ಏನೂ ಉಳಿಯುವುದಿಲ್ಲ. ಪ್ರತಿ ಶಾಟನ್ನು ಕನಿಷ್ಠ 20 ಸೆಕೆಂಡ್ ಹಿಡಿಯಬೇಕೆಂಬ ನಿಯಮ ಹಾಕಿಕೊಂಡರೆ ಒಳ್ಳೆಯದು. ಮನಸ್ಸಿನಲ್ಲೇ ಎಣಿಸಿ. ಏನೂ ಆಗುತ್ತಿಲ್ಲವೆಂದು ತೋರಿದಾಗ ಇನ್ನೂ ಹತ್ತು ಎಣಿಸಿ. ಮಾತು ಮುಗಿದ ಮೇಲೆ ಮುಖದಲ್ಲಿ ಸುಳಿಯುವ ಭಾವ ದೊರೆಯುವುದು ಆ ಹತ್ತರಲ್ಲಿ.

ಕ್ಯಾಮೆರಾ ಚಲಿಸಬೇಕಾದರೆ ಕಾರಣ ಇರಬೇಕು. ವ್ಯಕ್ತಿ ಎದ್ದರೆ ನೀವೂ ಏಳಿ. ಅವರು ನೋಡಿದ ಕಡೆ ನಿಧಾನ ತಿರುಗಿ. ತಿರುಗಿದ ಮೇಲೆ ಮತ್ತೆ ನಿಲ್ಲಿ. ಕೈಯಲ್ಲಿ ಹಿಡಿಯುವಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮೊಣಕಾಲು ತುಸು ಬಗ್ಗಿಸಿ, ಉಸಿರನ್ನು ಹಗುರವಾಗಿ ಬಿಡಬೇಕು. ನೆಲದ ಮೇಲೆ ಕೆಲಸ ಮಾಡುವವರನ್ನು ನೆಲದ ಮೇಲೆ ಕುಳಿತೇ ಚಿತ್ರೀಕರಿಸಬೇಕು. ನಿಂತು ಮೇಲಿನಿಂದ ನೋಡಿದರೆ ದುಡಿಯುವವರು ಸಣ್ಣವರಾಗಿ ಕಾಣುತ್ತಾರೆ.

ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಹೊರಗೆ ಇರಲಿ. ಚೌಕಟ್ಟಿನ ಹೊರಗೆ ಯಾರು ಬರುತ್ತಿದ್ದಾರೆ, ಯಾರು ಬಾಯಿ ತೆರೆಯಲಿದ್ದಾರೆ ಎಂಬುದು ಆ ಇನ್ನೊಂದು ಕಣ್ಣಿಗೆ ಮಾತ್ರ ತಿಳಿಯುತ್ತದೆ.

ಮಗ್ಗದ ಮುಂದೆ

ರೊಟ್ಟಿಯ ಪಾಠ ಮುಗಿಸಿದವರು ಮಗ್ಗದ ಮುಂದೆ ಕೂರಲು ಸಿದ್ಧರು. ಆದರೆ ಕೆಲಸದ ಗತಿ ಇಲ್ಲಿ ಪೂರ್ತಿ ಬೇರೆ. ರೊಟ್ಟಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಜಮಖಾನಕ್ಕೆ ದಿನಗಳೇ ಬೇಕು. ಒಂದು ಮಧ್ಯಾಹ್ನವಿಡೀ ಕುಳಿತರೂ ಬಟ್ಟೆ ಬೆಳೆದದ್ದು ಕಣ್ಣಿಗೆ ಕಾಣದಿರಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲೂ ಒಂದೇ ಜಾಗದಿಂದ, ಒಂದೇ ಎತ್ತರದಿಂದ ಇಡೀ ಮಗ್ಗದ ಒಂದು ಶಾಟ್ ತೆಗೆದುಕೊಳ್ಳಬೇಕು. ಆ ಶಾಟ್‌ಗಳನ್ನು ಸಾಲಾಗಿ ಇಟ್ಟಾಗ ಕಾಲ ಕಾಣುತ್ತದೆ.

ಕೆಲಸದ ಲಯ ಗಮನಿಸಿ. ಹಾಸಿನ ಎಳೆಗಳ ನಡುವೆ ಬಣ್ಣದ ನೂಲು ಬೆರಳಿನಿಂದ ತೂರುತ್ತದೆ. ಸಾಲು ತುಂಬಿದ ಮೇಲೆ ಲೋಹದ ಹಲ್ಲುಗಳ ಬಾಚಣಿಗೆಯಂಥ ಸಾಧನದಿಂದ ಕೆಳಗೆ ಬಡಿಯುತ್ತಾರೆ. ಬಡಿತ ಯಾವಾಗ ಬರುತ್ತದೆಂದು ತಿಳಿದರೆ ಅದಕ್ಕೆ ಮುನ್ನ ಕೈಯಿಂದ ಮುಖಕ್ಕೆ ತಿರುಗಲು ಸಮಯ ಸಿಗುತ್ತದೆ. ನಕ್ಷೆಯಲ್ಲಿ ಬಣ್ಣ ಬದಲಾಗುವ ಜಾಗದಲ್ಲಿ ನೇಯುವವರು ಕ್ಷಣ ತಡೆದು ಎಣಿಸುತ್ತಾರೆ. ಆ ತಡೆಯಲ್ಲಿ ವಿದ್ಯೆ ಇದೆ. ಕತ್ತರಿಸಬಾರದ ಕ್ಷಣ ಅದು.

ಮನೆಯ ಮಾತು ದಖನಿ ಉರ್ದುವಿನಲ್ಲಿರುವುದು ಸಹಜ. ಅರ್ಥವಾಗದ ಮಾತನ್ನು ಸುಮ್ಮನೆ ದಾಖಲಿಸುತ್ತ ಹೋದರೆ ಯಾವಾಗ ಮುಖ್ಯ ವಿಷಯ ಬಂದಿತೆಂದು ಚಿತ್ರೀಕರಿಸುವವರಿಗೆ ತಿಳಿಯುವುದಿಲ್ಲ. ಭಾಷೆ ಬಲ್ಲ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ದು, ಪ್ರತಿ ಸಂಜೆ ಅಂದಿನ ದೃಶ್ಯಗಳನ್ನು ಕೇಳಿಸಿ ಅರ್ಥ ಬರೆದುಕೊಳ್ಳುವುದು ಉತ್ತಮ.

ಧ್ವನಿ ಅರ್ಧ ಚಿತ್ರ

ನೋಡುಗರು ಮಸುಕಾದ ಚಿತ್ರವನ್ನು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹೆಡ್‌ಫೋನ್ ಇಲ್ಲದೆ ಚಿತ್ರೀಕರಣ ಆರಂಭಿಸಲೇಬಾರದು. ಕಿವಿಗೆ ರೂಢಿಯಾದ ಫ್ಯಾನಿನ ಗುಂಯ್‌ಗುಟ್ಟುವಿಕೆ, ದೂರದ ಗಿರಣಿಯ ಸದ್ದು, ಹೊಲದಲ್ಲಿನ ಪಂಪ್‌ಸೆಟ್ ಎಲ್ಲವೂ ಮೈಕಿಗೆ ಸಮಾನ.

ನವಲಗುಂದ, ಅಣ್ಣಿಗೇರಿ ಕಡೆಯ ಮರವಿಲ್ಲದ ಬಯಲಿನಲ್ಲಿ ಗಾಳಿಯೇ ದೊಡ್ಡ ಶತ್ರು. ಮೈಕಿನ ಮೇಲೆ ಸ್ಪಂಜಿನ ಟೋಪಿ ಸಾಲದು, ಕೂದಲಿನಂಥ ಹೊದಿಕೆ ಬೇಕು. ಗಾಳಿಗೆ ಬೆನ್ನು ಮಾಡಿ ನಿಂತರೆ ನಿಮ್ಮ ದೇಹವೇ ಗೋಡೆಯಾಗುತ್ತದೆ. ಪ್ರತಿ ಜಾಗದಲ್ಲೂ ಯಾರೂ ಮಾತಾಡದಿರುವಾಗ ಒಂದು ಪೂರ್ಣ ನಿಮಿಷ ಆ ಸ್ಥಳದ ಧ್ವನಿಯನ್ನು ಮಾತ್ರ ದಾಖಲಿಸಿಕೊಳ್ಳಿ. ಸಂಕಲನದಲ್ಲಿ ಎರಡು ಶಾಟ್‌ಗಳ ನಡುವಿನ ಬಿರುಕು ಮುಚ್ಚಲು ಅದೇ ನೆರವಾಗುತ್ತದೆ.

ನಾಲ್ಕು ಊರು, ನಾಲ್ಕು ಪಾಠ

ಅಣ್ಣಿಗೇರಿ: ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯದ 76 ಕಂಬಗಳ ನಡುವಿನ ನೆರಳು ಬೆಳಕಿನ ಪಾಠಕ್ಕೆ ಹೇಳಿಮಾಡಿಸಿದ ಜಾಗ. ಹೊರಗಿನ ಬಿಸಿಲಿನಿಂದ ಒಳಗೆ ಬರುವ ಭಕ್ತರನ್ನು ಮುಖಕ್ಕೆ ಬೆಳಕು ಹೊಂದಿಸಿ ಹಿಡಿಯುವುದು ಇಲ್ಲಿನ ಅಭ್ಯಾಸ. ಸಂರಕ್ಷಿತ ಸ್ಮಾರಕವಾದ್ದರಿಂದ ಟ್ರೈಪಾಡ್ ಇಡುವುದಕ್ಕೂ ಚಿತ್ರ ತಯಾರಿಕೆಗೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದಲ್ಲಿ ಮೊದಲೇ ವಿಚಾರಿಸಬೇಕು.

ಕುಂದಗೋಳ: ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886-1952) ಅವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಪಾಠ ಕಲಿತರು. ಭೀಮಸೇನ ಜೋಶಿ ಸಹ ಅವರದೇ ಶಿಷ್ಯರು. ನಾಡಗೀರ ವಾಡೆಯಲ್ಲಿ ಅವರ ಸ್ಮರಣೆಗಾಗಿ ನಡೆದುಬಂದ ಅಹೋರಾತ್ರಿ ಸಂಗೀತ ತಾಳ್ಮೆಯ ಪಾಠ ಕಲಿಸುತ್ತದೆ. ಹೆಚ್ಚುವರಿ ದೀಪ ಹಾಕುವಂತಿಲ್ಲ, ಓಡಾಡುವಂತಿಲ್ಲ, ಆಲಾಪದ ನಡುವೆ ಶಾಟ್ ಕಡಿಯುವಂತಿಲ್ಲ. ಒಂದೇ ಜಾಗ ಆಯ್ದುಕೊಂಡು ರಾತ್ರಿಯಿಡೀ ಅಲ್ಲೇ ಇರಬೇಕು. ಗಾಯಕರಷ್ಟೇ ಕೇಳುಗರ ಮುಖವನ್ನೂ ಗಮನಿಸಿ.

ಕಲಘಟಗಿ: ಅರಗಿನ ಬಣ್ಣ ಬಳಿದು, ರಾಮಾಯಣ ಮಹಾಭಾರತದ ಪ್ರಸಂಗಗಳನ್ನು ಬರೆದು ಸಿಂಗರಿಸುವ ತೊಟ್ಟಿಲಿಗೆ ಈ ಊರು ಪ್ರಸಿದ್ಧ. ಬಣ್ಣವನ್ನು ನಿಜವಾಗಿ ತೋರಿಸುವುದು ಇಲ್ಲಿನ ಪಾಠ. ಬಣ್ಣದ ಸಮತೋಲ ತಪ್ಪಿದರೆ ಕೆಂಪು ಕಿತ್ತಳೆಯಾಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕಾದ್ದರಿಂದ ಮಳೆಗಾಲದಲ್ಲಿ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒಣ ಹತ್ತಿ ಬಟ್ಟೆ ಜೇಬಿನಲ್ಲಿರಲಿ.

ನವಲಗುಂದ: 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ಆ ದಿನವನ್ನು ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಆರಂಭವಾಯಿತು. 2016ರ ಜುಲೈ ಕೊನೆಯಲ್ಲಿ ಯಮನೂರಿನಲ್ಲಿ ಪೊಲೀಸರು ಗ್ರಾಮಸ್ಥರನ್ನು ಹೊಡೆದ ದೃಶ್ಯಗಳು ರಾಜ್ಯದಾದ್ಯಂತ ಪ್ರಸಾರವಾದವು. ಸುದ್ದಿಯ ಕ್ಯಾಮೆರಾ ಏಟು ಬಿದ್ದ ಕ್ಷಣ ತೋರಿಸಿತು, ಅದು ಅಗತ್ಯವೇ ಆಗಿತ್ತು. ಮರುದಿನದ ಮನೆ, ಒಣಗಿದ ಕಾಲುವೆ, ಪೆಂಡಾಲಿನಲ್ಲಿ ಬೇಸರದಿಂದ ಕಳೆಯುವ ಮಧ್ಯಾಹ್ನ, ಮಳೆ ಬಾರದ ವರ್ಷದ ಬಿತ್ತನೆಯ ಲೆಕ್ಕ, ಇವು ವೀಕ್ಷಣಾ ಕ್ಯಾಮೆರಾದ ಪಾಲಿನ ಕೆಲಸ. ಪ್ರತಿಭಟನೆಯ ಸ್ಥಳದಲ್ಲಿ ಒಬ್ಬರೇ ಇದ್ದಾಗ ಹಿಂದಕ್ಕೆ ಹೋಗುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಬೇಕು, ಪೊಲೀಸರ ಮತ್ತು ಜನರ ನಡುವೆ ನಿಲ್ಲಬಾರದು.

ಇನ್ನು ಎರೆಮಣ್ಣಿನ ವಿಷಯ. ಒಣಗಿದಾಗ ದೂಳಾಗಿ ಲೆನ್ಸಿನೊಳಗೆ ಸೇರುತ್ತದೆ, ನೆನೆದಾಗ ಟ್ರೈಪಾಡಿನ ಕಾಲು ಬಿಡುವುದಿಲ್ಲ. ಹೊಲದಲ್ಲಿ ಲೆನ್ಸ್ ಬದಲಿಸಬೇಡಿ. ಎಳ್ಳಮವಾಸ್ಯೆಯ ಚರಗದಂಥ ದಿನಗಳಲ್ಲಿ ಕಪ್ಪು ನೆಲ, ಹಸಿರು ಕಡಲೆ, ಬಿಳಿ ಧೋತರ ಒಂದೇ ಚೌಕಟ್ಟಿನಲ್ಲಿ ಬಂದಾಗ ಮುಖಕ್ಕೆ ಬೆಳಕು ಹೊಂದಿಸಿ, ಉಳಿದದ್ದನ್ನು ಬಿಟ್ಟುಬಿಡಿ.

ಒಪ್ಪಿಗೆ ಒಂದು ದಿನದ ಮಾತಲ್ಲ

ಸಹಿ ಹಾಕಿಸಿದ ಕಾಗದ ಕಾನೂನಿಗೆ ಬೇಕಾದೀತು. ಒಪ್ಪಿಗೆ ಎಂಬುದು ಅದಕ್ಕಿಂತ ದೊಡ್ಡದು. ಮೊದಲ ಎರಡು ಮೂರು ಭೇಟಿಗಳಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಮನೆಯ ಹಿರಿಯರೊಡನೆ ಮಾತಾಡಿ, ಏನು ಮಾಡುತ್ತೀರಿ, ಎಲ್ಲಿ ತೋರಿಸುತ್ತೀರಿ, ಹಣ ಬರುತ್ತದೆಯೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ನಂತರ ಕ್ಯಾಮೆರಾ ತೆಗೆದು ಅವರ ಕೈಗೇ ಕೊಟ್ಟು ನೋಡಲು ಬಿಡಿ. 'ನೀವು ನಿಮ್ಮ ಕೆಲಸಾ ಮಾಡ್ರೀ ಅಕ್ಕಾರ, ನಾ ಸುಮ್ನ ಕೂತು ನೋಡ್ತಿರ್ತೀನಿ' ಎಂಬಷ್ಟು ಸರಳ ಮಾತು ಸಾಕು.

ಮನೆಯ ಹಿರಿಯರು ಒಪ್ಪಿದರೆಂದು ನೇಯುವ ಸೊಸೆಯೂ ಒಪ್ಪಿದಳೆಂದು ತಿಳಿಯಬಾರದು. ಆಕೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಮುಖ ಬೇಡ, ಕೈ ಮಾತ್ರ ತೆಗೆಯಿರಿ ಎಂದರೆ ಕೈ ಮಾತ್ರ. ಕೈಗಳಿಂದಲೇ ಪೂರ್ಣ ಚಿತ್ರ ಮಾಡಲು ಸಾಧ್ಯ. ಕೆಲವು ನಕ್ಷೆಗಳ ಎಣಿಕೆಯನ್ನು ಹೊರಗೆ ತೋರಿಸಲು ಅವರಿಗೆ ಮನಸ್ಸಿರದಿರಬಹುದು. ಆ ನಕ್ಷೆಯೇ ಅವರ ಅನ್ನ. ಅದನ್ನು ನಕಲು ಮಾಡಿ ಯಂತ್ರದಲ್ಲಿ ನೇಯ್ದು ಅಗ್ಗಕ್ಕೆ ಮಾರುವವರಿಗೆ ನಮ್ಮ ದೃಶ್ಯ ದಾರಿ ತೋರಿಸಬಾರದು. ಉಳಿಸಲು ಹೋದ ಚಿತ್ರವೇ ಕಸುಬಿಗೆ ಕುತ್ತಾಗುವ ಅಪಾಯವಿದೆ ಎಂಬುದನ್ನು ಪ್ರತಿ ಹಂತದಲ್ಲೂ ನೆನಪಿಡಬೇಕು.

ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆ ಪಡೆಯಬೇಕು. ಜಗಳ, ಅಳು, ಕಾಯಿಲೆಯ ಸಂದರ್ಭಗಳಲ್ಲಿ ಕ್ಯಾಮೆರಾ ಕೆಳಗಿಳಿಸುವುದನ್ನೂ ಕಲಿಯಬೇಕು. ಸಂಕಲನ ಮುಗಿದ ಮೇಲೆ ಮೊದಲ ಪ್ರದರ್ಶನ ಅವರ ಮನೆಯಲ್ಲೇ ನಡೆಯಲಿ. ತೆಗೆದುಹಾಕಿ ಎಂದ ದೃಶ್ಯವನ್ನು ತೆಗೆದುಹಾಕಿ.

ಸಂಜೆಯ ಕೆಲಸ

ಚಿತ್ರೀಕರಣದ ದಿನ ಮನೆಗೆ ಬಂದೊಡನೆ ಮುಗಿಯುವುದಿಲ್ಲ. ದೃಶ್ಯಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿ, ತೆರೆದು ಪರೀಕ್ಷಿಸಿದ ಮೇಲೆಯೇ ಕಾರ್ಡ್ ಅಳಿಸಬೇಕು. ಒಂದು ಡಿಸ್ಕ್ ಬೇರೆ ಮನೆಯಲ್ಲಿರುವುದು ಕ್ಷೇಮ. ಕಡತದ ಹೆಸರಿನಲ್ಲಿ ದಿನಾಂಕ, ಊರು, ವಿಷಯ ಇರಲಿ.

ನಂತರ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಬೇಕು: ಇಂದು ಏನು ದೊರೆಯಿತು, ಏನು ತಪ್ಪಿತು, ನಾಳೆ ಎಲ್ಲಿ ಕೂರಬೇಕು. ತೆಗೆದದ್ದನ್ನು ಪೂರ್ತಿ ನೋಡುವುದು ಬೇಸರದ ಕೆಲಸ, ಆದರೆ ಕಲಿಕೆಯ ಬಹುಭಾಗ ಅಲ್ಲೇ ಆಗುತ್ತದೆ. ಶಾಟ್ ಬೇಗ ಕಡಿದದ್ದು, ಮಾತಿನ ನಡುವೆ ತಿರುಗಿದ್ದು, ತಲೆ ಚೌಕಟ್ಟಿನಿಂದ ಹೊರಹೋದದ್ದು ಎಲ್ಲವೂ ಕಣ್ಣಿಗೆ ಹೊಡೆಯುತ್ತದೆ.

ಮೂರು ತಿಂಗಳ ಕ್ರಮ

- ಮೊದಲ ಎರಡು ವಾರ: ಮನೆಯ ಅಡುಗೆ, ಅಂಗಳದ ಕೆಲಸ. ಪ್ರತಿದಿನ ಒಂದೇ ಶಾಟ್, ಎರಡು ನಿಮಿಷ.
- ಮೂರು ಮತ್ತು ನಾಲ್ಕನೆಯ ವಾರ: ಪರಿಚಯದ ಕುಂಬಾರ, ಬಡಿಗ ಅಥವಾ ದರ್ಜಿಯ ಕೆಲಸ. ಹೆಡ್‌ಫೋನ್ ಕಡ್ಡಾಯ.
- ಎರಡನೆಯ ತಿಂಗಳು: ಸಂತೆ, ಬಸ್ ನಿಲ್ದಾಣ, ಹೊಲ. ಚಲಿಸುವ ಜನರನ್ನು ಹಿಂಬಾಲಿಸುವ ಅಭ್ಯಾಸ.
- ಮೂರನೆಯ ತಿಂಗಳು: ಒಂದೇ ಮನೆ ಅಥವಾ ಒಬ್ಬ ವ್ಯಕ್ತಿ. ಕನಿಷ್ಠ ಎಂಟು ಭೇಟಿ. ಹತ್ತು ನಿಮಿಷದ ಚಿತ್ರ.

ಎಲ್ಲಿ ಕಲಿಯಬಹುದು?

ಛಾಯಾಗ್ರಹಣ ಶಿಕ್ಷಣದಲ್ಲಿ ಕರ್ನಾಟಕಕ್ಕೆ ಹಳೆಯ ಹೆಸರಿದೆ. ವಿ.ಕೆ. ಮೂರ್ತಿ ಮತ್ತು ಗೋವಿಂದ ನಿಹಲಾನಿ ಇಬ್ಬರೂ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ ಇದೆ. ಹತ್ತಿರದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಇದೆ. ಕುಂದಗೋಳದ ನೆರೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಕಸುಬು ಮತ್ತು ಆಚರಣೆಗಳ ಹಿನ್ನೆಲೆ ತಿಳಿಯಲು ಅಲ್ಲಿನ ವಿದ್ವಾಂಸರ ನೆರವು ಪಡೆಯಬಹುದು. ಕಲೆ ಮತ್ತು ಸಂಸ್ಕೃತಿಯ ಯೋಜನೆಗಳಿಗೆ ಧನಸಹಾಯ ನೀಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಬೆಂಗಳೂರಿನಲ್ಲೇ ಇದೆ.

ಆದರೂ ಮುಖ್ಯ ಗುರುಗಳು ಕ್ಯಾಮೆರಾದ ಎದುರಿಗೇ ಇದ್ದಾರೆ. ಮಗ್ಗದ ಮುಂದೆ ಹತ್ತು ದಿನ ಕುಳಿತವರಿಗೆ ಯಾವ ಎಳೆಯ ನಂತರ ಕೈ ತಡೆಯುತ್ತದೆಂದು ಗೊತ್ತಿರುತ್ತದೆ, ಅಂಥವರ ಕೈ ನಡುಗುವುದಿಲ್ಲ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಅಷ್ಟು ಹೊತ್ತು ಕುಳಿತು ನೋಡಬೇಕಾದ ಕೆಲಸಗಳು ಇನ್ನೂ ಉಳಿದಿವೆ. ಮಾಡುವವರ ವಯಸ್ಸು ಮಾತ್ರ ನಮ್ಮ ಕಲಿಕೆಗಾಗಿ ಕಾಯುವುದಿಲ್ಲ.